60 ಹಾಸಿಗೆಯ ಹಿರಿಯರ ಆರೈಕೆ ಮನೆ: ಐಟಿ ದುಡ್ಡು ಮೊದಲು ಎಲ್ಲಿಗೆ?

ಮೈಸೂರು_ವ್ಯವಸ್ಥಾಪಕ

ಮೈಸೂರಿನ ಹೊರವಲಯ, 60 ಹಾಸಿಗೆ, ಮೂರು ಅಂತಸ್ತು. ನೆಲಮಹಡಿಯಲ್ಲಿ 14 ಜನ ಡಿಮೆನ್ಷಿಯಾದವರು. ಪಾಳಿ ಎರಡು, ಬದಲಾಗುವುದು ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ. ಔಷಧ ಚಾರ್ಟ್ ಕಾಗದದಲ್ಲಿ, ಬಿಲ್ಲು ಟ್ಯಾಲಿಯಲ್ಲಿ, ಮಿಕ್ಕಿದ್ದೆಲ್ಲ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಟ್ರಸ್ಟಿಗಳು ಎರಡು ವರ್ಷದ ಐಟಿ ಯೋಜನೆ ಕೇಳಿದ್ದಾರೆ. ಅವರ ಮನಸ್ಸಿನಲ್ಲಿರುವ ಕ್ರಮ: ಮೊದಲು ವಿದೇಶದ ಮಕ್ಕಳಿಗೊಂದು ಆ್ಯಪ್, ಆಮೇಲೆ ಬಿದ್ದರೆ ಪತ್ತೆ ಮಾಡುವ ಎಐ ಸೆನ್ಸರ್, ಆಮೇಲೆ ಔಷಧ ಸಾಫ್ಟ್‌ವೇರ್, ಕೊನೆಗೆ ನರ್ಸ್ ಕಾಲ್ (ಗುಂಡಿ ಒತ್ತಿ ಇಲ್ಲವೇ ದಾರ ಎಳೆದು ಸಿಬ್ಬಂದಿಯನ್ನು ಕರೆಯುವ ವ್ಯವಸ್ಥೆ). ಒಬ್ಬ ಐಟಿ ಮುಖ್ಯಸ್ಥರನ್ನು ತೆಗೆದುಕೊಳ್ಳಲೂ ಒಪ್ಪಿದ್ದಾರೆ. ಈ ಕ್ರಮ ಸರಿಯೇ? ಆ ಮುಖ್ಯಸ್ಥರು ಯಾರ ಕೈಕೆಳಗೆ ಇರಬೇಕು?

ರಾತ್ರಿಪಾಳಿ_ಸಿಸ್ಟರ್

ಪಟ್ಟಿಯನ್ನು ತಲೆಕೆಳಗು ಮಾಡಿ ಸರ್, ಹೆಚ್ಚುಕಡಿಮೆ ಸರಿಹೋಗುತ್ತದೆ.

ಔಷಧದಿಂದ ಶುರು ಮಾಡುತ್ತೇನೆ. ಒಬ್ಬರಿಗೆ ದಿನಕ್ಕೆ 8 ಡೋಸ್ ಅಂತ ಹಿಡಿದರೂ 60 ಜನಕ್ಕೆ 480 ಡೋಸ್. ಹೊಸ ಸಾಫ್ಟ್‌ವೇರ್ ಒಂದೊಂದು ಡೋಸಿಗೆ 20 ಸೆಕೆಂಡ್ ಹೆಚ್ಚು ತಿಂದರೆ ದಿನಕ್ಕೆ 2 ಗಂಟೆ 40 ನಿಮಿಷ ನರ್ಸಿಂಗ್ ಸಮಯ ಹೋಯಿತು. ಆ ಸಮಯ ಇಲ್ಲದಿದ್ದಾಗ ಸಿಸ್ಟರ್‌ಗಳು ಮಾಡುವುದು ಒಂದೇ: ಸುತ್ತು ಮುಗಿಸಿ ಬಂದು ನರ್ಸಿಂಗ್ ಸ್ಟೇಷನ್‌ನಲ್ಲಿ ಕೂತು ಎಲ್ಲವನ್ನೂ ಒಟ್ಟಿಗೆ ಟಿಕ್ ಮಾಡುವುದು. ಪತ್ತೆ ಹಚ್ಚುವುದು ಸುಲಭ. 40 ಡೋಸಿನ ದಾಖಲೆ ಸಮಯ ಮೂರು ನಿಮಿಷದೊಳಗೆ ಬಿದ್ದಿದ್ದರೆ ಅದು ಹಾಸಿಗೆ ಪಕ್ಕದಲ್ಲಿ ಬರೆದದ್ದಲ್ಲ. ಬೈಯಬೇಡಿ, ಪರದೆಯಲ್ಲಿ ಎಷ್ಟು ಸಲ ಒತ್ತಬೇಕಾಗುತ್ತದೆ ಎಂದು ಎಣಿಸಿ. ನಾಲ್ಕಕ್ಕಿಂತ ಹೆಚ್ಚಿದ್ದರೆ ತಪ್ಪು ಸಾಫ್ಟ್‌ವೇರಿನದ್ದು.

ಡೆಮೊ ತೋರಿಸಲು ಬಂದವರಿಗೆ ಇಷ್ಟನ್ನು ಮಾಡಿ ತೋರಿಸಿ ಅನ್ನಿ:

ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಅನ್ನು ‘ದಿನವೂ’ ಎಂದು ನಮೂದಿಸಲು ನೋಡಿ. ವ್ಯವಸ್ಥೆ ತಡೆಯಬೇಕು, ವಾರದ ಯಾವ ದಿನ ಎಂದು ಕೇಳಬೇಕು. ಸಂಧಿವಾತಕ್ಕೆ ವಾರಕ್ಕೊಂದು ದಿನ ಕೊಡುವ ಈ ಔಷಧ ದಿನವೂ ಹೋದರೆ ಪ್ರಾಣಕ್ಕೇ ಅಪಾಯ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ 6ಕ್ಕೆ, ಕ್ಯಾಲ್ಸಿಯಂ ಮಾತ್ರೆಯನ್ನು ಅದರಿಂದ 4 ಗಂಟೆ ದೂರ ಇಡಲು ಬರುತ್ತದೆಯೇ ಅಥವಾ ‘ಬೆಳಿಗ್ಗೆ’ ಅಂದರೆ ಎಲ್ಲವೂ 8 ಗಂಟೆಗೇ ಬಂದು ಗುಂಪಾಗುತ್ತದೆಯೇ ನೋಡಿ. ಇನ್ಸುಲಿನ್ ಪರದೆಯಲ್ಲಿ ಸಕ್ಕರೆ ಮಟ್ಟ ಹಾಕದೆ ಮುಂದಕ್ಕೆ ಹೋಗಲು ಬಿಡಬಾರದು, 70ಕ್ಕಿಂತ ಕೆಳಗೆ ಬಂದರೆ ನಿಲ್ಲಿಸಬೇಕು. ಯೂನಿಟ್ ಎಂಬುದು ಪೂರ್ತಿ ಪದವಾಗಿ ಬರಬೇಕು. ಇಂಗ್ಲಿಷಿನ ‘U’ ಎಂಬ ಒಂದಕ್ಷರದಲ್ಲಿ ಬರೆದದ್ದನ್ನು ಸೊನ್ನೆ ಎಂದು ಓದಿ ಹತ್ತುಪಟ್ಟು ಕೊಟ್ಟ ಪ್ರಕರಣಗಳು ಜಗತ್ತಿನಾದ್ಯಂತ ಆಗಿವೆ.

ಇನ್ನೊಂದು ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಡುವುದು. ನಮ್ಮ ಮಾರುಕಟ್ಟೆಯಲ್ಲಿ ಸಂಯುಕ್ತ (ಒಂದರಲ್ಲೇ ಹಲವು ಔಷಧ ಬೆರೆತ) ಮಾತ್ರೆಗಳು ಲೆಕ್ಕವಿಲ್ಲದಷ್ಟಿವೆ. ಜ್ವರಕ್ಕೆ ಪ್ಯಾರಾಸಿಟಮಾಲ್ 650, ಶೀತಕ್ಕೆ ಬೇರೆ ಬ್ರ್ಯಾಂಡ್, ಬೆನ್ನುನೋವಿಗೆ ಮತ್ತೊಂದು; ಮೂರರಲ್ಲೂ ಪ್ಯಾರಾಸಿಟಮಾಲ್. ಸಾಫ್ಟ್‌ವೇರಿಗೆ ಬ್ರ್ಯಾಂಡಿನೊಳಗಿನ ಮೂಲ ಔಷಧ ಗೊತ್ತಿಲ್ಲದಿದ್ದರೆ ಅದು ಬರೀ ಡಿಜಿಟಲ್ ನೋಟ್‌ಬುಕ್.

ತಂತಿಜಾಲ

ಸಿಸ್ಟರ್ ಹೇಳಿದ್ದಕ್ಕೂ ಮೊದಲಿನದ್ದು ಕರೆಂಟು ಮತ್ತು ನೆಟ್‌ವರ್ಕ್. ಯಾರೂ ಇದಕ್ಕೆ ಪ್ರೆಸೆಂಟೇಷನ್ ಮಾಡಲ್ಲ, ಟ್ರಸ್ಟಿಗಳ ಗಮನಕ್ಕೂ ಬರಲ್ಲ.

ವೈಫೈ ಪೆಟ್ಟಿಗೆಗಳನ್ನು ಕಾರಿಡಾರಿನಲ್ಲಿ ಸಾಲಾಗಿ ಹಾಕುವುದು ಎಲ್ಲ ಗುತ್ತಿಗೆದಾರರ ಅಭ್ಯಾಸ. ಕಾರಿಡಾರಿನಲ್ಲಿ ಸಿಗ್ನಲ್ ಭರ್ಜರಿ, ಬಚ್ಚಲಲ್ಲಿ ಸೊನ್ನೆ. ಹಿರಿಯರು ಎಷ್ಟೋ ಸಲ ಬೀಳುವುದು ಬಚ್ಚಲಲ್ಲಿ. 9 ಇಂಚಿನ ಗೋಡೆ ಎರಡು ದಾಟುವಷ್ಟರಲ್ಲಿ, ಅದರಲ್ಲೂ 5 ಗಿಗಾಹರ್ಟ್ಸ್‌ನಲ್ಲಿ, ಏನೂ ಉಳಿಯಲ್ಲ. ಅಳತೆ ತೆಗೆದುಕೊಳ್ಳುವಾಗ ಬಚ್ಚಲೊಳಗೆ ಹೋಗಿ ಬಾಗಿಲು ಹಾಕಿ ಅಳೆಯಿರಿ. ಸಿಗ್ನಲ್ ಬಲ ಮೈನಸ್ 67 ಡಿಬಿಎಂಗಿಂತ (ಸಿಗ್ನಲ್ ಅಳೆಯುವ ಮಾನ) ದುರ್ಬಲವಾಗಿದ್ದರೆ ಪೆಟ್ಟಿಗೆಯ ಜಾಗ ಬದಲಿಸಬೇಕು. ಕೆಲಸ ಒಪ್ಪಿಕೊಳ್ಳುವ ಷರತ್ತಾಗಿ ಇದನ್ನೇ ಬರೆಯಿರಿ.

ಈಗ ಬ್ಯಾಟರಿ ಲೆಕ್ಕ. 10 ವೈಫೈ ಪೆಟ್ಟಿಗೆ ತಲಾ 10 ವ್ಯಾಟ್, ಸ್ವಿಚ್, ರೂಟರ್, ಫೈಬರ್ ಪೆಟ್ಟಿಗೆ, ನರ್ಸ್ ಕಾಲ್ ಸರ್ವರ್ ಎಲ್ಲ ಸೇರಿ 200 ವ್ಯಾಟ್ ಅಂದುಕೊಳ್ಳಿ. 12 ವೋಲ್ಟ್ 150 ಆ್ಯಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಒಂದರಲ್ಲಿ 1800 ವ್ಯಾಟ್-ಅವರ್. ಅದರಲ್ಲಿ 80 ಶೇಕಡಾ ಮಾತ್ರ ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ ಸುಮಾರು 1200, ಅಂದರೆ 6 ಗಂಟೆ. ಬ್ಯಾಟರಿ ಮೂರು ವರ್ಷ ಹಳೆಯದಾದರೆ ಅರ್ಧ ಅಂತ ಹಿಡಿಯಿರಿ. ಸಾಮಾನ್ಯ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಎಂಬ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಹಾಕದಿದ್ದರೆ ಕರೆಂಟು ಹೋದ ಪ್ರತಿ ಸಲವೂ ಸ್ವಿಚ್ಚು ರೂಟರು ರೀಬೂಟ್ ಆಗುತ್ತವೆ, ಎರಡು ಮೂರು ನಿಮಿಷ ನರ್ಸ್ ಕಾಲ್ ಸತ್ತಿರುತ್ತದೆ. ದಿನಕ್ಕೆ ಐದು ಸಲ ಕರೆಂಟು ಹೋಗುವ ಮಳೆಗಾಲದಲ್ಲಿ ಲೆಕ್ಕ ಹಾಕಿ.

ಆಕ್ಸಿಜನ್ ಕಾನ್ಸಂಟ್ರೇಟರ್‌ ಅನ್ನು ಈ ಲೈನಿಗೆ ಸೇರಿಸಬೇಡಿ. 5 ಲೀಟರಿನದ್ದೊಂದು ಸುಮಾರು 350 ವ್ಯಾಟ್ ಎಳೆಯುತ್ತದೆ, ಎರಡು ಹಾಕಿದರೆ ನಿಮ್ಮ ನೆಟ್‌ವರ್ಕ್ ಬ್ಯಾಟರಿ ಒಂದೂವರೆ ಗಂಟೆಯೂ ಬಾಳಲ್ಲ. ಅದಕ್ಕೆ ಜನರೇಟರ್ ಲೈನು, ಜೊತೆಗೆ ಬಿ ಟೈಪ್ ಸಿಲಿಂಡರ್. 1500 ಲೀಟರ್, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ.

ಇಂಟರ್ನೆಟ್ ಎರಡು ಕಂಪನಿಯದ್ದು ತೊಗೊಂಡು ಎರಡನ್ನೂ ಒಂದೇ ಕಂಬದಿಂದ ಎಳೆಸಿದರೆ ಒಂದೇ ಕೊಂಬೆ ಬಿದ್ದರೂ ಎರಡೂ ತುಂಡಾಗುತ್ತವೆ. ಒಂದು ಫೈಬರ್, ಒಂದು ಸಿಮ್. ಸಾಫ್ಟ್‌ವೇರು ಇಂಟರ್ನೆಟ್ ಇಲ್ಲದೆಯೂ ಟ್ಯಾಬಿನಲ್ಲೇ ಬರೆದುಕೊಂಡು ಆಮೇಲೆ ಕಳಿಸುವಂತಿರಬೇಕು. ಪರೀಕ್ಷೆ: ಎರಡು ಟ್ಯಾಬನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಒಬ್ಬರದೇ ಒಂದೇ ಡೋಸನ್ನು ಎರಡರಲ್ಲೂ ‘ಕೊಟ್ಟಾಯಿತು’ ಮಾಡಿ, ಆಮೇಲೆ ನೆಟ್‌ವರ್ಕ್ ಕೊಡಿ. ಎರಡೂ ದಾಖಲೆ ಕೆಂಪಾಗಿ ಎದ್ದು ಕಾಣಬೇಕು. ಸದ್ದಿಲ್ಲದೆ ಒಂದನ್ನು ಅಳಿಸಿದರೆ ಆ ಕಂಪನಿಯವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ.

ಸೆನ್ಸರ್_ಶಿವು

ಎಲ್ಲ ಒಪ್ಪಿದೆ, ಆದರೆ ವ್ಯಾಪಾರದ ಕಡೆಯಿಂದಲೂ ನೋಡಿ. ಮನೆ ಆಯ್ಕೆ ಮಾಡುವುದು, ದುಡ್ಡು ಕಟ್ಟುವುದು ಮಗಳೋ ಮಗನೋ. ಅವರಿರುವುದು ಡಲ್ಲಾಸಿನಲ್ಲಿ, ಸಿಡ್ನಿಯಲ್ಲಿ. ಅವರಿಗೆ ಕಾಣುವುದು ಆ್ಯಪ್ ಒಂದೇ, ನಿಮ್ಮ ಯುಪಿಎಸ್ ಮೋಡ್ ಅಲ್ಲ. ಬೀಳುವಿಕೆ ಪತ್ತೆಯೂ ಅಷ್ಟೆ, ಭೇಟಿಗೆ ಬಂದವರು ಮೊದಲು ಕೇಳುವುದೇ ಅದನ್ನು.

ರಾತ್ರಿಪಾಳಿ_ಸಿಸ್ಟರ್

ಶಿವು ಅವರೇ, ಆ್ಯಪಿಗೆ ಮಾಹಿತಿ ಎಲ್ಲಿಂದ ಬರುತ್ತದೆ? ಕಾಗದದ ಚಾರ್ಟಿನಿಂದ ಯಾರೋ ಕೂತು ಟೈಪ್ ಮಾಡಬೇಕು. ಎರಡು ವಾರ ಮಾಡುತ್ತಾರೆ. ಮೂರನೇ ವಾರ ‘ಅಮ್ಮ ಚೆನ್ನಾಗಿದ್ದಾರೆ, ಊಟ ಮಾಡಿದರು’ ಎಂಬ ಒಂದೇ ವಾಕ್ಯ 60 ಜನಕ್ಕೂ ಹೋಗುತ್ತದೆ. ಡಲ್ಲಾಸಿನ ಮಗಳಿಗೆ ಇದು ಗೊತ್ತಾಗದೇ ಇರುತ್ತದೆಯೇ? ಔಷಧ, ರಕ್ತದೊತ್ತಡ, ತೂಕ ಹಾಸಿಗೆ ಪಕ್ಕದಲ್ಲೇ ದಾಖಲಾದರೆ ಆ್ಯಪು ತಾನಾಗಿ ತುಂಬುತ್ತದೆ, ಯಾರೂ ಎರಡು ಸಲ ಬರೆಯಬೇಕಿಲ್ಲ.

ತಂತಿಜಾಲ

ಸೆನ್ಸರ್ ಬಗ್ಗೆ. ರೇಡಾರ್ ಸೆನ್ಸರ್‌ಗಳಿಗೆ ನಮ್ಮ ಸೀಲಿಂಗ್ ಫ್ಯಾನ್ ದೊಡ್ಡ ತಲೆನೋವು, ತಿರುಗುವ ರೆಕ್ಕೆಯೂ ಅಲ್ಲಾಡುವ ಪರದೆಯೂ ಚಲನೆಯಾಗಿ ಕಾಣುತ್ತವೆ. ಸೊಳ್ಳೆಪರದೆ ಕಟ್ಟಿದ ಮಂಚದ ಮೇಲೆ ಪರೀಕ್ಷೆ ಮಾಡಿಸಿ, ಫ್ಯಾನ್ 5ರಲ್ಲಿರಲಿ. ಕೈಗೆ ಕಟ್ಟುವ ಸಾಧನವನ್ನು ಸ್ನಾನಕ್ಕೆ ಹೋಗುವಾಗ ಬಿಚ್ಚಿಡುತ್ತಾರೆ. ಕೊರಳಿಗೆ ಹಾಕುವುದಾದರೆ ಎಳೆದರೆ ತಾನೇ ಬಿಟ್ಟುಕೊಳ್ಳುವ ಕೊಂಡಿಯ ದಾರ ಕಡ್ಡಾಯ, ಇಲ್ಲದಿದ್ದರೆ ಮಂಚದ ಕಂಬಿಗೆ ಸಿಕ್ಕಿ ಉರುಳಾಗುತ್ತದೆ.

ಬೇಡ ಅನ್ನುತ್ತಿಲ್ಲ. ಆರು ಕೋಣೆಯಲ್ಲಿ, ಅತಿ ಹೆಚ್ಚು ಬೀಳುವ ಅಪಾಯವಿರುವವರಿಗೆ ಹಾಕಿ, ಮೂರು ತಿಂಗಳು ನೋಡಿ. ನಿಜವಾದ ಬೀಳುವಿಕೆ ಎಷ್ಟು, ಸುಳ್ಳು ಕೂಗು ಎಷ್ಟು, ತಪ್ಪಿಸಿಕೊಂಡದ್ದೆಷ್ಟು ಎಂದು ಮೂರೂ ಬರೆದಿಡಿ. ರಾತ್ರಿ ಇಬ್ಬರೇ ಇರುವ ಮಹಡಿಯಲ್ಲಿ ಗಂಟೆಗೆ ನಾಲ್ಕು ಸುಳ್ಳು ಕೂಗು ಬಂದರೆ ಐದನೆಯದಕ್ಕೆ ಯಾರೂ ಏಳುವುದಿಲ್ಲ.

ಮೈಸೂರು_ವ್ಯವಸ್ಥಾಪಕ

ನರ್ಸ್ ಕಾಲ್ ವೈರ್‌ಲೆಸ್ ಸಾಕೇ, ತಂತಿಯದ್ದೇ ಬೇಕೇ? ಕಟ್ಟಡ ಹಳೆಯದು, ಗೋಡೆ ಕೊರೆಯಲು ಎಂಜಿನಿಯರ್ ಒಪ್ಪುತ್ತಿಲ್ಲ. ಮತ್ತೆ ನೆಲಮಹಡಿಯ ಬಾಗಿಲಿಗೆ ಮ್ಯಾಗ್ನೆಟಿಕ್ ಲಾಕ್ ಹಾಕಬೇಕೆಂದಿದ್ದೇವೆ.

ತಂತಿಜಾಲ

ವೈರ್‌ಲೆಸ್ ಆಗುತ್ತದೆ, ನಾಲ್ಕು ಷರತ್ತಿದ್ದರೆ. ಆವರ್ತನ 865ರಿಂದ 868 ಮೆಗಾಹರ್ಟ್ಸ್ ಒಳಗಿರಬೇಕು, ನಮ್ಮಲ್ಲಿ ಪರವಾನಗಿ ಬೇಡದ್ದು ಅದು. ಆನ್‌ಲೈನಿನಲ್ಲಿ ಸಿಗುವ ಅಮೆರಿಕದ ಸೆಟ್‌ಗಳು 915ರಲ್ಲಿ ಓಡುತ್ತವೆ, ಅವು ಬೇಡ. ಪ್ರತಿ ಬಟನ್ನು ‘ನಾನಿದ್ದೇನೆ’ ಎಂದು ಕಾಲಕಾಲಕ್ಕೆ ಸರ್ವರ್‌ಗೆ ತಿಳಿಸುತ್ತಿರಬೇಕು. ಬ್ಯಾಟರಿ ಸತ್ತ ಬಟನ್ ದೂರು ಕೊಡುವುದಿಲ್ಲ, ಸುಮ್ಮನಿರುತ್ತದೆ ಅಷ್ಟೆ. ಬಚ್ಚಲಿನ ಎಳೆಯುವ ದಾರ ನೆಲದಿಂದ 10-15 ಸೆಂಟಿಮೀಟರಿನ ತನಕ ಇಳಿದಿರಬೇಕು, ಬಿದ್ದವರ ಕೈಗೆ ಸಿಗಲಿ. ಒರೆಸುವವರು ಅದನ್ನು ಎತ್ತಿ ಗಂಟು ಹಾಕುತ್ತಾರೆ, ವಾರಕ್ಕೊಮ್ಮೆ ನೋಡಬೇಕು. ಕೊನೆಯದು, ಕರೆಯನ್ನು ಆರಿಸುವ ಗುಂಡಿ ಆ ಕೋಣೆಯೊಳಗೆ ಮಾತ್ರ ಇರಲಿ. ಸ್ಟೇಷನ್ನಿನಿಂದ ಆರಿಸಲು ಬಂದರೆ ಅಲ್ಲಿಂದಲೇ ಆರಿಸುತ್ತಾರೆ.

ಕರೆ ಮೊದಲು ಆ ಮಹಡಿಯ ಆಯಾಗೆ, 2 ನಿಮಿಷದಲ್ಲಿ ಯಾರೂ ತಲುಪದಿದ್ದರೆ ಸಿಸ್ಟರಿಗೆ, 5 ನಿಮಿಷಕ್ಕೆ ಸೂಪರ್‌ವೈಸರಿಗೆ. ಫೋನಿಗೆ ಬರುವುದಾದರೆ ಆ ಆ್ಯಪನ್ನು ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಹೊರಗಿಡಿ. ಆಂಡ್ರಾಯ್ಡ್ ರಾತ್ರಿ ಅದನ್ನು ಮಲಗಿಸಿಬಿಡುತ್ತದೆ, ಕರೆ ಹತ್ತು ನಿಮಿಷ ತಡವಾಗಿ ಬರುತ್ತದೆ, ಎಲ್ಲರೂ ಆಯಾಳನ್ನು ಬೈಯುತ್ತಾರೆ.

ಲಾಕ್ ಬಗ್ಗೆ ಹುಷಾರು. ಬೆಂಕಿ ಬಿದ್ದರೆ ಬಾಗಿಲು ತೆರೆಯಬೇಕಾದ್ದರಿಂದ ಕರೆಂಟು ಹೋದರೆ ಬಿಟ್ಟುಕೊಳ್ಳುವ ಬಗೆಯದ್ದೇ ಹಾಕಬೇಕು, ಫೈರ್ ಅಲಾರಂ ಪ್ಯಾನಲಿಗೂ ಜೋಡಿಸಬೇಕು. ಅಂದರೆ ಪ್ರತಿ ಪವರ್ ಕಟ್ಟಿಗೂ ಡಿಮೆನ್ಷಿಯಾ ವಿಭಾಗದ ಬಾಗಿಲು ತೆರೆದುಕೊಳ್ಳುತ್ತದೆ. ಹಾಗಾಗಿ ಲಾಕಿಗೆ ಅದರದ್ದೇ ಬ್ಯಾಟರಿ, ಬಾಗಿಲಿಗೆ ಬೇರೆ ಸೆನ್ಸರು. ಬಾಗಿಲು ತೆರೆದರೆ ಕರೆಂಟಿದ್ದರೂ ಇಲ್ಲದಿದ್ದರೂ ಕೂಗಬೇಕು.

ಲೆಕ್ಕಪತ್ರ

ವ್ಯಾಪಾರದ ಮಾತು ಬಂದಿದ್ದರಿಂದ ಹೇಳುತ್ತೇನೆ. ಆರೈಕೆ ಮನೆಯ ದುಡ್ಡು ಸೋರುವುದು ಖಾಲಿ ಹಾಸಿಗೆಯಿಂದ ಮಾತ್ರವಲ್ಲ, ಆರೈಕೆ ಹೆಚ್ಚಾದರೂ ದರ ಹಳೆಯದೇ ಇರುವುದರಿಂದ. ಸೇರುವಾಗ ತಾವೇ ಸ್ನಾನ ಮಾಡುತ್ತಿದ್ದವರಿಗೆ ವರ್ಷದ ನಂತರ ಇಬ್ಬರು ಬೇಕಾಗುತ್ತದೆ. ಯಾವಾಗಿನಿಂದ ಬೇಕಾಯಿತು ಎಂಬುದು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಕಾಟ್ಜ್ ಮಾಪನ ಬಳಸಿ. ಸ್ನಾನ, ಬಟ್ಟೆ, ಶೌಚ, ಎದ್ದು ಕೂರುವುದು, ಮಲಮೂತ್ರ ಹಿಡಿತ, ಊಟ, ಒಟ್ಟು ಆರು. ತಾವೇ ಮಾಡಿಕೊಂಡರೆ ಒಂದೊಂದು ಅಂಕ. 6 ಅಂದರೆ ಸ್ವತಂತ್ರರು, 2 ಅಥವಾ ಕಡಿಮೆ ಅಂದರೆ ತೀವ್ರವಾಗಿ ಅವಲಂಬಿತರು. 90 ದಿನಕ್ಕೊಮ್ಮೆ ಮರುಮಾಪನ, ಆಸ್ಪತ್ರೆಯಿಂದ ವಾಪಸ್ ಬಂದ 48 ಗಂಟೆಯೊಳಗೆ ಇನ್ನೊಂದು, ದಿನಾಂಕ ಬಂದಾಗ ಸಾಫ್ಟ್‌ವೇರೇ ಎಚ್ಚರಿಸಬೇಕು. ಉದಾಹರಣೆಗೆ ಅಂಕಕ್ಕೆ ತಕ್ಕ ಎರಡು ದರ ಸ್ಲ್ಯಾಬಿನ ನಡುವೆ ತಿಂಗಳಿಗೆ 5,000 ರೂಪಾಯಿ ವ್ಯತ್ಯಾಸ, 10 ಜನರ ಮರುಮಾಪನ ನಾಲ್ಕು ತಿಂಗಳು ತಡ ಅಂದರೆ 2 ಲಕ್ಷ ಹೋಯಿತು. ಇದೇ ಅಂಕದಿಂದ ಪಾಳಿಗೆ ಎಷ್ಟು ಜನ ಬೇಕೆಂದೂ ತೀರ್ಮಾನಿಸಬಹುದು. ಅಂಕ ಹಾಕುವವರು ನರ್ಸಿಂಗ್‌ನವರು, ಬಿಲ್ ಮಾಡುವವರು ಬೇರೆ. ಇಬ್ಬರನ್ನೂ ಒಂದೇ ಲಾಗಿನ್ನಿಗೆ ಹಾಕಬೇಡಿ, ಕುಟುಂಬದವರು ನಂಬುವುದಿಲ್ಲ.

ಡೈಪರ್ ಇನ್ನೊಂದು ತೂತು. ಸ್ಟೋರಿನಿಂದ ಮಹಡಿಗೆ ಹೋಗುತ್ತದೆ, ವ್ಯಕ್ತಿಗೆ ಹೋಗುವುದು ಅಂದಾಜು. ಬದಲಿಸುವಾಗಲೇ ಚರ್ಮದ ಸ್ಥಿತಿಯ ಜೊತೆ ಟ್ಯಾಬಿನಲ್ಲಿ ಒತ್ತಿದರೆ ಬಿಲ್ಲೂ ಆಯಿತು, ಹಾಸಿಗೆ ಹುಣ್ಣಿನ ನಿಗಾವೂ ಆಯಿತು. ವಾರಕ್ಕೊಮ್ಮೆ ಸ್ಟೋರಿನ ಲೆಕ್ಕಕ್ಕೆ ತಾಳೆ ನೋಡಿ.

ಟ್ರಸ್ಟಿಗಳಿಗೆ ತೋರಿಸುವ ಅಂಕಿ ಇಂತಿರಲಿ: 60 ಹಾಸಿಗೆ ತುಂಬಿದ್ದರೆ 30 ದಿನದ ತಿಂಗಳಿಗೆ 1800 ವಾಸದಿನ. 9 ಜನ ಬಿದ್ದಿದ್ದರೆ 1000 ವಾಸದಿನಕ್ಕೆ 5. ‘ಈ ತಿಂಗಳು 9 ಜನ ಬಿದ್ದರು’ ಎಂದು ಬರೆದರೆ ಹಾಸಿಗೆ ಖಾಲಿಯಿದ್ದ ತಿಂಗಳೂ ಸಾಧನೆಯಂತೆ ಕಾಣುತ್ತದೆ.

ಎಡಿಸನ್_ಕನ್ನಡಿಗ

ಇಲ್ಲಿ ನ್ಯೂಜೆರ್ಸಿಯಲ್ಲಿ ನರ್ಸಿಂಗ್ ಹೋಮ್ ಐಟಿ ನೋಡುವವನಾಗಿ ಒಂದು ಮಾತು. ಅಮೆರಿಕದ ಸಾಫ್ಟ್‌ವೇರನ್ನು ಹಾಗೇ ತರಬೇಡಿ. ಇಲ್ಲಿನದ್ದೆಲ್ಲ ಎಂಡಿಎಸ್ ಎಂಬ ಸರ್ಕಾರಿ ಮಾಪನ ಪತ್ರದ ಸುತ್ತ ಕಟ್ಟಿದ್ದು, ಏಕೆಂದರೆ ಮೆಡಿಕೇರ್ (ಇಲ್ಲಿನ ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ದುಡ್ಡು ಅದರ ಮೇಲೆ ನಿಂತಿದೆ. 2019ರ ಅಕ್ಟೋಬರಿನಿಂದ ಆ ದರ ನಿಗದಿಗೆ ಪಿಡಿಪಿಎಂ ಎಂಬ, ರೋಗಿಯ ಸ್ಥಿತಿ ನೋಡಿ ದರ ಕಟ್ಟುವ ಪದ್ಧತಿ ಬಂದಿದೆ. ನಿಮ್ಮಲ್ಲಿ ದುಡ್ಡು ಕುಟುಂಬದಿಂದ ಬರುತ್ತದೆ. ಅರ್ಧ ಪರದೆಗಳು ನಿಮಗೆ ಬೇಡದ್ದು, ನಿಮಗೆ ಬೇಕಾದ ಬ್ರ್ಯಾಂಡ್ ಔಷಧ ಪಟ್ಟಿ ಅದರಲ್ಲಿಲ್ಲ. ಕಲಿಯಬೇಕಾದ್ದು ಒಂದಿದೆ: ನಿಗದಿತ ದಿನಕ್ಕೆ ಮರುಮಾಪನ ಆಗಲೇಬೇಕೆಂಬ ಶಿಸ್ತು. ಲೆಕ್ಕಪತ್ರ ಅವರು ಹೇಳಿದ್ದು ಅದೇ.

ಕರಾರು_ವಕೀಲ

ಆ್ಯಪಿನ ಬಗ್ಗೆ ಯಾರೂ ಎತ್ತದ ಪ್ರಶ್ನೆ: ಮಾಹಿತಿ ಯಾರದ್ದು? ದುಡ್ಡು ಕಟ್ಟುವುದು ಮಗ, ಆದರೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ ಒಪ್ಪಿಗೆ ಕೊಡಬೇಕಾದವರು ತಾಯಿ. ‘ನನ್ನ ತೂಕ, ಸಕ್ಕರೆ ಮಗನಿಗೆ ತಿಳಿಸಿ, ಡಾಕ್ಟರ ಟಿಪ್ಪಣಿ ಬೇಡ’ ಎಂದು ಅವರು ಹೇಳಿದರೆ ಆ್ಯಪಿನಲ್ಲಿ ಹಾಗೇ ಬೇರ್ಪಡಿಸಲು ಬರಬೇಕು. ಒಪ್ಪಿಗೆ ಕೇಳುವ ಸೂಚನಾ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು, ಕನ್ನಡ ಅದರಲ್ಲಿದೆ. ದಪ್ಪ ಅಕ್ಷರದಲ್ಲಿ, ಒಂದೇ ಪುಟದಲ್ಲಿ ಅಚ್ಚು ಹಾಕಿಸಿ.

ನಿಮ್ಮ 14 ಜನರ ವಿಷಯ ಕಷ್ಟದ್ದು. ಮಗ ಎಂದ ಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಪೋಷಕನಾಗುವುದಿಲ್ಲ. ಪ್ರತಿಯೊಬ್ಬರ ಕಡತದಲ್ಲಿ ‘ನೇಮಕಗೊಂಡ ಪೋಷಕರಿದ್ದಾರೆಯೇ, ಆದೇಶದ ಪ್ರತಿ ಇದೆಯೇ’ ಎಂಬ ಕಾಲಂ ಇರಲಿ. ಮಕ್ಕಳ ನಡುವೆ ಜಗಳವಿದ್ದಾಗ ಮೊದಲು ಕೇಳುವುದು ಅದನ್ನೇ. ಮಲಗುವ ಕೋಣೆಯಲ್ಲಿ ಕ್ಯಾಮೆರಾ ನನ್ನ ಸಲಹೆಯಲ್ಲಿ ಬೇಡವೇ ಬೇಡ.

ಈ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ. ಮಾಹಿತಿ ಸೋರಿದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ತಡಮಾಡದೆ ತಿಳಿಸಿ, 72 ಗಂಟೆಯೊಳಗೆ ವಿವರ ಕೊಡಬೇಕು. ಸುರಕ್ಷತಾ ಕ್ರಮ ಇಲ್ಲದಿದ್ದರೆ ದಂಡದ ಗರಿಷ್ಠ ಮಿತಿ 250 ಕೋಟಿ. ಇದಲ್ಲದೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ವ್ಯವಸ್ಥೆಯಲ್ಲಿ ಯಾವಾಗ ಏನಾಯಿತೆಂಬ ದಾಖಲೆ) 180 ದಿನ ಇಡಬೇಕು. ಹೊಸ ನಿಯಮಗಳಲ್ಲಿ ಲಾಗ್ ಒಂದು ವರ್ಷ, ಹಾಗಾಗಿ ವರ್ಷಕ್ಕೇ ಜಾಗ ಮಾಡಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಗಾಯದ ಫೋಟೋ ಹಾಕುವುದು ಇವತ್ತೇ ನಿಲ್ಲಲಿ. ಕೆಲಸ ಬಿಟ್ಟ ಆಯಾಳ ಫೋನಿನಲ್ಲಿ ಅವು ಉಳಿದಿರುತ್ತವೆ.

ಮುಂಗಡ ವೈದ್ಯಕೀಯ ನಿರ್ದೇಶನ (ಗುಣವಾಗದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂಬ ಪತ್ರ) ಬರೆದಿಟ್ಟವರಿದ್ದರೆ ಅದರ ಗುರುತು ಅವರ ಮೊದಲ ಪರದೆಯಲ್ಲೇ ಕಾಣಬೇಕು. ಸುಪ್ರೀಂ ಕೋರ್ಟಿನ 2018ರ ತೀರ್ಪು, 2023ರ ಸರಳೀಕರಣದ ಬಳಿಕ ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕಾಗಿ ಆದೇಶ ಹೊರಡಿಸಿದೆ. ಆಂಬುಲೆನ್ಸ್ ಬಂದು ನಿಂತಾಗ ಬೀರುವಿನ ಬೀಗದ ಕೈ ಹುಡುಕುವಂತಾಗಬಾರದು.

ಮೈಸೂರು_ವ್ಯವಸ್ಥಾಪಕ

ಐಟಿ ಮುಖ್ಯಸ್ಥರ ಪ್ರಶ್ನೆ ಉಳಿಯಿತು. ಇನ್ನೊಂದು, ಡೋಸ್ ಕೊಡುವಾಗ ಸ್ಕ್ಯಾನ್ ಮಾಡಲು ಕ್ಯೂಆರ್ ಸಾಕೇ?

ತಂತಿಜಾಲ

ಕ್ಯೂಆರನ್ನು ಫೋಟೋ ತೆಗೆದು ಸ್ಟೇಷನ್ನಿನ ಗೋಡೆಗೆ ಸಾಲಾಗಿ ಅಂಟಿಸಿಕೊಳ್ಳುತ್ತಾರೆ, ಅಲ್ಲಿಂದಲೇ ಸ್ಕ್ಯಾನ್ ಆಗುತ್ತದೆ. ಎನ್‌ಎಫ್‌ಸಿ ಟ್ಯಾಗ್ ಹಾಕಿ, ಟ್ಯಾಬನ್ನು ಮೂರು ನಾಲ್ಕು ಸೆಂಟಿಮೀಟರ್ ಹತ್ತಿರ ಒಯ್ಯಲೇಬೇಕು. ಕಬ್ಬಿಣದ ಮಂಚಕ್ಕೆ ಮಾಮೂಲಿ ಟ್ಯಾಗ್ ಓದುವುದಿಲ್ಲ, ಹಿಂದೆ ಫೆರೈಟ್ ಪದರ ಇರುವುದನ್ನೇ ಕೇಳಿ. ಅಗ್ಗದ ಟ್ಯಾಗನ್ನು ನಕಲು ಮಾಡಬಹುದು ನಿಜ, ಆದರೆ ಅಷ್ಟು ಶ್ರಮಪಡುವುದಕ್ಕಿಂತ ಮಾತ್ರೆ ಕೊಟ್ಟು ಬರುವುದೇ ಸುಲಭ.

ರಾತ್ರಿಪಾಳಿ_ಸಿಸ್ಟರ್

ಟ್ಯಾಗ್ ಮಂಚಕ್ಕೆ ಹಚ್ಚಿದರೆ ವ್ಯಕ್ತಿ ಬದಲಾದರೂ ಮಂಚ ಅದೇ ಇರುತ್ತದೆ. ಟ್ಯಾಗ್ ಒತ್ತಿದ ತಕ್ಷಣ ಫೋಟೋ ದೊಡ್ಡದಾಗಿ ಬರಬೇಕು, ಮುಖ ನೋಡಿ ಕೊಡಬೇಕು. ಡಿಮೆನ್ಷಿಯಾದವರು ಬೇರೆಯವರ ಮಂಚದಲ್ಲಿ ಹೋಗಿ ಮಲಗಿರುತ್ತಾರೆ. ಫೋಟೋ ಆರು ತಿಂಗಳಿಗೊಮ್ಮೆ ಹೊಸದು.

ಲೆಕ್ಕಪತ್ರ

ಐಟಿ ಮುಖ್ಯಸ್ಥರು ಅಕೌಂಟ್ಸ್ ಕೈಕೆಳಗೆ ಬೇಡ. ನಾನೇ ಆ ವಿಭಾಗದವನಾಗಿ ಹೇಳುತ್ತಿದ್ದೇನೆ, ನಮ್ಮ ಕೈಗೆ ಬಂದರೆ ಮೊದಲು ಆಗುವುದು ಬಿಲ್ಲಿಂಗು, ನರ್ಸ್ ಕಾಲ್ ಮುಂದಿನ ಬಜೆಟ್ಟಿಗೆ. ನೇರ ನಿಮಗೇ ವರದಿ ಮಾಡಲಿ, ಆದರೆ ಕೆಲಸ ಸರಿಯಾಯಿತೆಂದು ಸಹಿ ಹಾಕುವವರು ನರ್ಸಿಂಗ್ ಸೂಪರಿಂಟೆಂಡೆಂಟ್. ಔಷಧದ ಸಮಯ, ಎಚ್ಚರಿಕೆಯ ಮಿತಿ ಬದಲಿಸುವ ಅಧಿಕಾರ ಐಟಿಗೆ ಇರಬಾರದು. 60 ಹಾಸಿಗೆಗೆ ಪೂರ್ಣಾವಧಿಯ ದೊಡ್ಡ ಸಂಬಳದವರು ಹೆಚ್ಚಾಯಿತು ಅನ್ನಿಸುತ್ತದೆ. ವಾರಕ್ಕೆ ಎರಡು ದಿನ ಬರುವ ಅನುಭವಿ ಒಬ್ಬರು, ಸ್ಥಳದಲ್ಲೇ ಇರುವ ಒಬ್ಬ ಟೆಕ್ನೀಷಿಯನ್ ಸಾಕು. ಎರಡನೇ ಮನೆ ತೆರೆಯುವಾಗ ಮತ್ತೆ ಯೋಚಿಸಿ.

ಕರಾರು_ವಕೀಲ

ಸಹಿ ಮುಂಚೆ ಕರಾರಿನಲ್ಲಿ ನೋಡಿ: ಬಿಟ್ಟುಹೋಗುವಾಗ ಎಲ್ಲರ ದಾಖಲೆ, ಯಾರು ಯಾವಾಗ ಬದಲಿಸಿದರೆಂಬ ಇತಿಹಾಸದ ಸಮೇತ, ಓದಲು ಬರುವ ರೂಪದಲ್ಲಿ 30 ದಿನದೊಳಗೆ, ಹೆಚ್ಚುವರಿ ಶುಲ್ಕವಿಲ್ಲದೆ ಕೊಡಬೇಕು. ಬರೀ ಪಿಡಿಎಫ್ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಮೊದಲ ವರ್ಷದಲ್ಲೇ ಒಂದು ಸಲ ಹಾಗೆ ತೆಗೆಸಿ ನೋಡುವ ಹಕ್ಕೂ ಇರಲಿ.

ಮೈಸೂರು_ವ್ಯವಸ್ಥಾಪಕ

ಹಾಗಾದರೆ ಕರೆಂಟು-ನೆಟ್‌ವರ್ಕ್, ನರ್ಸ್ ಕಾಲ್, ಔಷಧ, ಮಾಪನ, ಕೊನೆಗೆ ಆ್ಯಪ್. ಕಾಗದ ಯಾವಾಗ ನಿಲ್ಲಿಸಬೇಕು?

ರಾತ್ರಿಪಾಳಿ_ಸಿಸ್ಟರ್

ಒಂದು ಮಹಡಿಯಿಂದ ಶುರು, ಮೊದಲನೆಯದಾಗಲಿ ಎರಡನೆಯದಾಗಲಿ, ನೆಲಮಹಡಿ ಕೊನೆಗೆ. ಕಾಗದ ಟ್ಯಾಬ್ ಎರಡೂ ಎರಡು ವಾರ ಮಾತ್ರ. ಅದಕ್ಕಿಂತ ಎಳೆದರೆ ಕಾಗದದಲ್ಲಿ ನಿಜ, ಟ್ಯಾಬಿನಲ್ಲಿ ನಕಲು ಎಂದಾಗುತ್ತದೆ. ಆದರೆ ಟ್ಯಾಬ್ ಕೈಕೊಟ್ಟರೆ ಇರಲೆಂದು ಪ್ರತಿ ರಾತ್ರಿ 9ಕ್ಕೆ ಮರುದಿನದ ಔಷಧ ಪಟ್ಟಿ ಮಹಡಿಗೊಂದರಂತೆ ತಾನಾಗಿ ಅಚ್ಚಾಗಿ ಬರಲಿ, ಮರುದಿನ ರಾತ್ರಿ ಹಳೆಯದನ್ನು ಹರಿದು ಹಾಕಲಿ. ಪ್ರಿಂಟರಿಗೂ ಯುಪಿಎಸ್ ಲೈನು ಕೊಡಿ. ಲೇಸರ್ ಪ್ರಿಂಟರಾದರೆ ಆ ಲೈನು ತಾಳುತ್ತದೆಯೇ ಎಂದು ತಂತಿಜಾಲ ಅವರನ್ನು ಕೇಳಿ.

ತಂತಿಜಾಲ

ಲೇಸರ್ ಬೇಡ, ಬಿಸಿಯಾಗುವಾಗ ಒಮ್ಮೆಲೇ ಸಾವಿರ ವ್ಯಾಟಿನ ಆಸುಪಾಸು ಎಳೆದು ಸಣ್ಣ ಯುಪಿಎಸ್ಸನ್ನು ಬೀಳಿಸುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರ್ ತೊಗೊಳ್ಳಿ, 20-30 ವ್ಯಾಟಿನಲ್ಲಿ ಮುಗಿಯುತ್ತದೆ.